ರಕ್ತಕ್ಕೆ ಹೆದರಿದವಳ ಕಥೆ

ನವೆಂಬರ್ 12

ಸೂಜಿಗೆ,

ನಾನು ಕ್ಷೇಮವಾಗಿಲ್ಲ, ಸಿಟ್ಟಿನಲ್ಲಿದ್ದೇನೆ. ಆದ್ದರಿಂದ ನೀನು ಹೇಗಿದ್ದೀಯ ಎಂದು ಕೇಳುವ ಮರ್ಯಾದೆಯನ್ನು ಈ ಪತ್ರದ ಮಟ್ಟಿಗೆ ಬಿಟ್ಟಿದ್ದೇನೆ.

ವರ್ಷದ ಕೊನೆಯ ರಜೆಗೆ ಈ ಸಲ ಯಾರೂ ಅಮ್ಮನ ಮನೆಗೆ ಹೋಗುವುದು ಬೇಡ ಎಂದು ಬರೆದಿದ್ದೀಯ. ಯಾರೂ ಎಂದರೆ ಯಾರು? ನಿನ್ನ ಅಣ್ಣ ಮತ್ತು ಅವನ ಹೆಂಡತಿ ಅದೇ ಊರಿನಲ್ಲಿದ್ದಾರೆ, ರಜೆ ಇರಲಿ ಬಿಡಲಿ ಹೋಗುತ್ತಾರೆ. ನಿನಗೆ ಈ ಸಲ ನಿನ್ನ ರಕ್ತಪರೀಕ್ಷೆಯ ಲ್ಯಾಬಿನಲ್ಲಿ ರಜೆಯ ವಾರವೇ ಡ್ಯೂಟಿ. ಉಳಿದವನು ನಾನೊಬ್ಬ. 'ಮಾಮ, ನೀನು ಬರಬೇಡ' ಎಂದು ನೇರವಾಗಿ ಬರೆಯಲು ಕೈ ನಡುಗಿತೇ? ದಿನವಿಡೀ ಜನರ ತೋಳು ಚುಚ್ಚುವವಳಿಗೆ ಕೈ ನಡುಗಬಾರದು.

ನಿನಗೆ ಅಮ್ಮನಾದರೆ ನನಗೆ ಅಕ್ಕ, ಅವಳ ಎದೆನೋವಿನ ವಿಷಯ ನನಗೆ ಪಾಠ ಹೇಳಬೇಡ. ಹೋದ ವರ್ಷ ರಜೆಯಲ್ಲಿ, ಬೆಳಿಗ್ಗೆ ಪಾತ್ರೆ ತೊಳೆಯುತ್ತಿದ್ದವಳು ಸಿಂಕು ಹಿಡಿದುಕೊಂಡು ಕುಸಿದಾಗ ಎತ್ತಿ ಕಾರಿನಲ್ಲಿ ಮಲಗಿಸಿದವನು ನಾನು. ನಿನ್ನ ಅಪ್ಪ, ಅಂದರೆ ನಮ್ಮ ಭಾವ, ವಿಮಾ ಕಂಪನಿಯಲ್ಲಿ ಎಷ್ಟೋ ಜನರ ಜೀವಕ್ಕೆ ಬೆಲೆ ಕಟ್ಟಿ ನಿವೃತ್ತರಾದ ದೊಡ್ಡ ಮನುಷ್ಯ. ಆ ಹೊತ್ತಿನಲ್ಲಿ ಕಾರಿನ ಕೀಲಿ ಎಲ್ಲಿದೆ ಎಂದು ಕುಸಿದು ಬಿದ್ದ ಹೆಂಡತಿಯನ್ನೇ ಕೇಳಿದರು. ಆಸ್ಪತ್ರೆಯಲ್ಲಿ ಎದೆಗೆ ವೈರು ಅಂಟಿಸಿ ನೋಡಿದ ಡಾಕ್ಟರು ಹೃದಯದಲ್ಲಿ ದೋಷವಿಲ್ಲ, ಬಿಪಿ ಮಾತ್ರ ಛಾವಣಿ ಮುಟ್ಟಿದೆ ಎಂದರು. ಮನಸ್ಸಿಗೆ ಏನಾದರೂ ಹಚ್ಚಿಕೊಂಡಿದ್ದೀರಾ ಎಂದು ಕೇಳಿದ್ದಕ್ಕೆ ಅಕ್ಕ, ಮನೆ ತುಂಬ ಜನ ಬಂದಿದ್ದಾರೆ, ನನಗೇನು ಕೊರತೆ ಎಂದು ನಕ್ಕಳು. ಅದರ ಹಿಂದಿನ ವರ್ಷ ಹೊಟ್ಟೆಯುರಿ, ಅದಕ್ಕೂ ಹಿಂದೆ ತಲೆಸುತ್ತು. ಉಳಿದ ತಿಂಗಳೆಲ್ಲ ಗುಂಡುಕಲ್ಲಿನ ಹಾಗಿರುವವಳು ರಜೆ ಬಂದರೆ ಹಾಸಿಗೆ ಹಿಡಿಯುತ್ತಾಳೆ.

ಇದಕ್ಕೆ ಕಾರಣ ಏನೆಂದು ನಿನ್ನ ಯಾವ ಡಾಕ್ಟರಿಗೂ ಗೊತ್ತಿಲ್ಲ, ನನಗೆ ಗೊತ್ತು. ಬಣ್ಣದ ಗಿರಣಿಯಲ್ಲಿ ಬಾಯ್ಲರ್ ಕಾಯುವವನು ನಾನು. ಒಳಗಿನ ಉಗಿಗೆ ಹೊರಗೆ ಹೋಗಲು ದಾರಿ ಇಲ್ಲದಿದ್ದರೆ ಏನಾಗುತ್ತದೆಂದು ನನ್ನನ್ನು ಕೇಳು. ಅಕ್ಕ ಸಿಟ್ಟು ಮಾಡಿಕೊಳ್ಳುವುದಿಲ್ಲ. ಭಾವ ಟೀ ತಣ್ಣಗಿದೆ ಎಂದರೂ ನಗುತ್ತಾಳೆ, ನಿನ್ನ ಅಣ್ಣ ಒದ್ದೆ ಟವೆಲನ್ನು ಅವಳ ಹಾಸಿಗೆಯ ಮೇಲೆ ಎಸೆದರೂ ನಗುತ್ತಾಳೆ. ನನ್ನನ್ನು ನೋಡು. ಸಿಟ್ಟು ಬಂದರೆ ಗಿರಣಿಯ ಗೇಟಿನ ತನಕ ಕೇಳಿಸುತ್ತದೆ. ಅದಕ್ಕೇ ಗಿರಣಿಯ ನರ್ಸಮ್ಮ ನನ್ನ ಬಿಪಿ ನೋಡಿ, ಇದು ಮದುಮಗನ ಬಿಪಿ ಎಂದಳು. ಮದುವೆಯೇ ಆಗದವನಿಗೆ ಇದಕ್ಕಿಂತ ಮರ್ಯಾದೆ ಬೇಕೇ?

ಆದ್ದರಿಂದ ನಾನು ಹೋಗುತ್ತೇನೆ. ಹೋದವನು ಅವಳಿಗೆ ಸಿಟ್ಟು ಬರಿಸುತ್ತೇನೆ. ಅವಳ ಅಡುಗೆಗೆ ಹೆಸರಿಡುತ್ತೇನೆ, ಪರದೆಯ ಬಣ್ಣಕ್ಕೆ ಮೂಗು ಮುರಿಯುತ್ತೇನೆ, ಒಮ್ಮೆ ಬೈದಳು ಎಂದರೆ ಬಿಪಿ ಇಳಿಯಿತು. ಅಷ್ಟಾದ ಮೇಲೆ, ಪ್ರತಿ ವರ್ಷ ಊಟದ ಮೇಜಿನಲ್ಲಿ ಹೇಳುವಂತೆ, ಅವಳು ರಕ್ತಕ್ಕೆ ಹೆದರಿದ ಕಥೆ. ಎಲ್ಲರಿಗಿಂತ ಜೋರಾಗಿ ನಗುವವಳು ಅವಳೇ ಅಲ್ಲವೇ?

ಫೋನ್ ಮಾಡಬೇಡ. ಬಾಯ್ಲರ್ ಸದ್ದಿಗೆ ಕಿವಿ ಮಂದವಾಗಿದೆ, ನೀನು ಬೈದರೂ ಹೊಗಳಿದ ಹಾಗೆ ಕೇಳಿಸುತ್ತದೆ. ಕಾಗದ ಬರಿ. ಊರ ಶಾಲೆಯಲ್ಲಿ ಕೈಬರಹಕ್ಕೆ ಬಹುಮಾನ ಪಡೆದವನು ನಾನು, ಓದಲು ಬರುತ್ತದೆ.

ನಿನ್ನ ಮಾತು ಕೇಳದ,
ಬಾಯ್ಲರ್ ಮಾಮ


ನವೆಂಬರ್ 21

ಮಾಮ,

ಹೌದು. ನೀನು ಬರಬೇಡ. ಕೈ ನಡುಗದೆ ಬರೆದಿದ್ದೇನೆ, ನೋಡಿಕೋ.

ರಜೆ ಹತ್ತಿರ ಬಂದ ಹಾಗೆ ನಮ್ಮ ಲ್ಯಾಬಿನ ಬೆಂಚುಗಳು ತುಂಬುತ್ತವೆ. ಎದೆ ಹಿಡಿದುಕೊಂಡು ಬರುವವರು, ಹೊಟ್ಟೆ ಹಿಡಿದುಕೊಂಡು ಬರುವವರು, ನಿದ್ದೆಯೇ ಇಲ್ಲ ಎನ್ನುವವರು. ಹೊರಗೆ ಬೀದಿಯಲ್ಲಿ ದೀಪದ ಸಾಲು, ಒಳಗೆ ಇವರು. ಅರ್ಧ ಜನರ ವರದಿ ಚೆನ್ನಾಗಿಯೇ ಇರುತ್ತದೆ. ಏನೂ ಇಲ್ಲ ಎಂದರೆ ಕೆಲವರಿಗೆ ಸಿಟ್ಟು ಬರುತ್ತದೆ. ನಿನ್ನೆ ಒಬ್ಬ ಹೆಂಗಸು ಕಾಗದವನ್ನು ತಿರುಗಿಸಿ ತಿರುಗಿಸಿ ನೋಡಿ, ಏನಾದ್ರೂ ಇದ್ದಿದ್ರೆ ನಾಲ್ಕು ದಿನ ಇಲ್ಲೇ ಮಲಗ್ತಿದ್ದೆ, ಮನೆಗೆ ಹೋಗೋದು ತಪ್ತಿತ್ತು ಎಂದಳು. ಯಾರ ಮೈಯಲ್ಲಿ ಏನಿದೆ ಎಂದು ಹೇಳುವುದು ನನ್ನ ಕೆಲಸ. ಮೈಯೊಳಗೆ ಯಾರು ಕೂತಿದ್ದಾರೆ ಎನ್ನುವುದಕ್ಕೆ ನಮ್ಮಲ್ಲಿ ಪರೀಕ್ಷೆ ಇಲ್ಲ.

ಆದರೆ ಅಮ್ಮನ ವಿಷಯದಲ್ಲಿ ನಾನು ಲೆಕ್ಕ ಹಾಕಿದ್ದೇನೆ. ತಲೆಸುತ್ತು ಬಂದದ್ದು ನೀನು ರಕ್ತದ ಕಥೆ ಹೇಳಿದ ಮರುದಿನ. ಹೊಟ್ಟೆಯುರಿ ಶುರುವಾದದ್ದು ಆ ಕಥೆ ಹೇಳಿದ ದಿನ ಸಂಜೆ. ಹೋದ ವರ್ಷ ಸಿಂಕಿನ ಹತ್ತಿರ ಬಿದ್ದದ್ದು ಕಥೆಯ ಮರುದಿನ ಬೆಳಿಗ್ಗೆ. ಕಥೆ ಹೇಳುವಾಗ ನೀನು ನಗುವವರ ಮುಖಗಳನ್ನು ನೋಡುತ್ತೀಯ. ಹೋದ ಸಲ ನಾನು ಅವಳ ಕೈ ನೋಡಿದೆ. ಮೇಜಿನ ಕೆಳಗೆ ಕೈವಸ್ತ್ರವನ್ನು ಒದ್ದೆ ಬಟ್ಟೆಯಂತೆ ಹಿಂಡುತ್ತಿದ್ದಳು. ಮೇಲೆ ನಗು, ಕೆಳಗೆ ಅದು.

ಅವಳಿಗೆ ಸಿಟ್ಟು ಬರಿಸುತ್ತೀಯಂತೆ. ಬರಿಸುವ ಕಷ್ಟ ತೆಗೆದುಕೊಳ್ಳಬೇಡ ಮಾಮ. ಬೇಕಾದಷ್ಟು ಇದೆ.

ಸೂಜಿ


ನವೆಂಬರ್ 28

ಸೂಜಿಗೆ,

ನಿನ್ನ ಕಾಗದವನ್ನು ಬಾಯ್ಲರ್ ಬಾಯಿಗೆ ಹಾಕಬೇಕೆಂದು ಎದ್ದೆ. ಅಂಥ ಹುಳಿ ಕಾಗದ ಹಾಕಿದರೆ ಬೆಂಕಿ ಕೆಡುತ್ತದೆಂದು ಸುಮ್ಮನಾದೆ.

ನನ್ನ ಕಥೆಯಿಂದ ಬಿಪಿ ಏರುತ್ತದಂತೆ. ನಿನಗೆ ಹಲ್ಲು ಬರುವ ಮೊದಲಿನಿಂದ ಹೇಳುತ್ತಿರುವ ಕಥೆ ಅದು. ನಿನ್ನ ಅಣ್ಣ ನಕ್ಕು ನಕ್ಕು ಕುರ್ಚಿಯಿಂದ ಬಿದ್ದಿದ್ದಾನೆ. ಭಾವ ವರ್ಷಕ್ಕೊಮ್ಮೆ ಹಲ್ಲು ತೋರಿಸುವುದು ಆಗಲೇ. ಅದರಲ್ಲಿ ನೋವಾಗುವಂಥದ್ದು ಎಲ್ಲಿದೆ? ನೀನು ಭೂತಗನ್ನಡಿ ಹಿಡಿದು ಹುಡುಕುವವಳಲ್ಲವೇ, ಇಗೋ ಇನ್ನೊಮ್ಮೆ ಬರೆಯುತ್ತೇನೆ, ಹುಡುಕು.

ಅಕ್ಕ ಹದಿಹರೆಯದವಳು. ನರ್ಸ್ ತರಬೇತಿಗೆ ಆಯ್ಕೆಯಾದಳು. ಟ್ರಂಕು ಹಿಡಿದು ಬಸ್ಸಿಗೆ ಹೊರಟಾಗ ಇಡೀ ಬೀದಿ ಬಾಗಿಲಿಗೆ ಬಂದಿತ್ತು. ಅಪ್ಪ ಎಲ್ಲರಿಗೂ ಕೇಳುವ ಹಾಗೆ ಹೋಗಿ ಬಾ ಮಗಳೇ ಎಂದು ಹರಸಿ, ತಮಗೂ ಕೆಲಸವಿದೆಯೆಂದು ಬೇರೆ ದಿಕ್ಕಿಗೆ ಹೊರಟರು. ನಾನು ಇನ್ನೂ ಚಡ್ಡಿ ಜಾರುವ ವಯಸ್ಸಿನವನು, ಬಸ್ಸಿನ ಹಿಂದೆ ಓಡಿ ಧೂಳು ತಿಂದೆ. ಸಂಜೆ ನೋಡಿದರೆ ಅದೇ ಬಸ್ಸು, ಅದೇ ಟ್ರಂಕು, ಅದೇ ಅಕ್ಕ. ಆಸ್ಪತ್ರೆಯ ಗೇಟಿನಲ್ಲೇ ಮೂಗಿನಿಂದ ರಕ್ತ ಸುರಿಸುತ್ತಿದ್ದವನೊಬ್ಬನನ್ನು ಕಂಡು ಹೆದರಿ ವಾಪಸ್ ಬಂದೆ ಎಂದು ಅವಳ ಬಾಯಿಂದಲೇ ಬಂದ ಮಾತು. ಮುಂದಿನದು ಮಾತ್ರ ನನ್ನ ಕೈಚಳಕ: ಅವಳು ಪ್ರಜ್ಞೆ ತಪ್ಪಿ ಬಿದ್ದದ್ದು, ಮೂಗು ಸುರಿಯುವವನೇ ಎದ್ದು ಬಂದು ಅವಳಿಗೆ ಗಾಳಿ ಹಾಕಿದ್ದು, ಆಸ್ಪತ್ರೆಯವರು ಅವಳನ್ನೇ ರೋಗಿ ಎಂದು ಮಲಗಿಸಿ ನಾಲಿಗೆ ತೋರಿಸು ಎಂದದ್ದು, ಬಸ್ಸಿನ ಕಂಡಕ್ಟರು 'ಏನು ನರ್ಸಮ್ಮ, ಇಷ್ಟು ಬೇಗ ರಿಟೈರಾ?' ಎಂದು ಕೇಳಿದ್ದು.

ಎಲ್ಲಿದೆ ಮುಳ್ಳು? ಅವಳೇ ಹೆದರಿದಳು, ಅವಳೇ ಬಂದಳು, ಅವಳೇ ಹೇಳಿದಳು. ನಾನು ಉಪ್ಪು ಖಾರ ಹಚ್ಚಿದೆ ಅಷ್ಟೆ. ಉಪ್ಪು ಖಾರ ಇಲ್ಲದ್ದನ್ನು ಆಸ್ಪತ್ರೆಯಲ್ಲಿ ಕೊಡುತ್ತಾರೆ.

ಟಿಕೆಟ್ ತೆಗೆಸಿದ್ದೇನೆ. ಗಿರಣಿ ಮುಚ್ಚುವುದೇ ಆ ವಾರ, ಬಾಯ್ಲರ್ ಆರಿಸುವುದೇ ಆಗ. ಉಳಿದ ದಿನ ನಾನು ಮನುಷ್ಯರ ಮುಖ ನೋಡುವುದು ಉಗಿಯ ಮಧ್ಯೆ. ಆ ಒಂದು ವಾರವನ್ನೂ ಕಿತ್ತುಕೊಳ್ಳಲು ನೀನು ಯಾರು?

ಬಾಯ್ಲರ್ ಮಾಮ


ಡಿಸೆಂಬರ್ 8

ಮಾಮ,

ಈ ಕಾಗದ ಬರೆಯಬೇಕೋ ಬೇಡವೋ ಎಂದು ಬಹಳ ಯೋಚಿಸಿದೆ. ನಿನ್ನ ಮೇಲಿನ ಸಿಟ್ಟು ಗೆದ್ದಿತು.

ಹೋದ ವಾರ ಅಮ್ಮ ಇಲ್ಲಿಗೆ ಬಂದಿದ್ದಳು. ರಜೆಗೆ ಮೊದಲು ಎಲ್ಲ ಪರೀಕ್ಷೆ ಆಗಿಬಿಡಲಿ ಎಂದು ನಾನೇ ಕರೆಸಿಕೊಂಡೆ. ಅವಳ ತೋಳಿನಿಂದ ರಕ್ತ ತೆಗೆಯುವಾಗ ಆ ಕಡೆ ನೋಡಮ್ಮ ಎಂದೆ, ರಕ್ತಕ್ಕೆ ಹೆದರುವವಳಲ್ಲವೇ ಎಂದು. ಅವಳು ಆ ಕಡೆ ನೋಡಲಿಲ್ಲ. ಕೊಳವೆ ತುಂಬುವುದನ್ನು ಕಣ್ಣು ಮಿಟುಕಿಸದೆ ನೋಡಿದಳು. ಆಮೇಲೆ ಪಕ್ಕದ ಕುರ್ಚಿಯಲ್ಲಿದ್ದ ದಪ್ಪ ಮೀಸೆಯ ಲಾರಿ ಡ್ರೈವರ್ ಸೂಜಿ ಚುಚ್ಚುತ್ತಲೇ ಬೆವೆತು ವಾಲಿದ. ನನಗಿಂತ ಮೊದಲು ಅವಳು ಎದ್ದು ಅವನ ತಲೆ ಬಗ್ಗಿಸಿ, ಕಾಲರು ಸಡಿಲ ಮಾಡಿ, ಚುಚ್ಚಿದ ಜಾಗಕ್ಕೆ ಹತ್ತಿ ಒತ್ತಿ ಹಿಡಿದಳು. ಅವಳ ಬೆರಳಿಗೆ ಅವನ ರಕ್ತ ಹತ್ತಿತ್ತು. ನಲ್ಲಿಯಲ್ಲಿ ತೊಳೆದುಕೊಂಡು ಬಂದು ಕೂತಳು.

ನೀನು ರಕ್ತಕ್ಕೆ ಹೆದರ್ತೀಯಲ್ಲಮ್ಮ ಎಂದು ಕೇಳಿದೆ. ಆ ದಿನ ಸಂಜೆ ನನ್ನ ಮನೆಯಲ್ಲಿ ಕೂತು ನಿಜ ಹೇಳಿದಳು.

ಆವತ್ತು ಆಸ್ಪತ್ರೆಯ ಗೇಟಿನಲ್ಲಿ ಯಾರ ಮೂಗಿನಿಂದಲೂ ರಕ್ತ ಸುರಿಯುತ್ತಿರಲಿಲ್ಲ. ಅಲ್ಲಿ ನಿಂತಿದ್ದವರು ತಾತ, ನಿನ್ನ ಅಪ್ಪ. ಬೇರೆ ದಿಕ್ಕಿಗೆ ಹೊರಟವರು ಸಿಕ್ಕ ಲಾರಿ ಹತ್ತಿ ಅವಳಿಗಿಂತ ಮೊದಲೇ ಅಲ್ಲಿಗೆ ತಲುಪಿದ್ದರು. ಬೀದಿಯವರ ಎದುರು ಬೇಡ ಎನ್ನಲು ಆಗಿರಲಿಲ್ಲ, ಅಲ್ಲಿ ಅಂದರು. ಅವಳ ಕೈಯಿಂದ ಟ್ರಂಕು ತೆಗೆದುಕೊಂಡು, 'ನಿಮ್ಮಮ್ಮನ ಕೈಲಿ ಏನೂ ಆಗಲ್ಲ, ಚಿಕ್ಕವನನ್ನ ನೋಡ್ಕೊಳ್ಳೋರು ಯಾರು?' ಎಂದರಂತೆ. ಅಷ್ಟೇ ಮಾತು. ಜೊತೆಯಲ್ಲಿ ಬಂದರೆ ಜನ ಕೇಳುತ್ತಾರೆಂದು ಅವಳನ್ನು ಒಬ್ಬಳೇ ಬಸ್ಸಿಗೆ ಹತ್ತಿಸಿ, ತಾವು ಹಿಂದಿನಿಂದ ಬಂದರು. ಮನೆ ಮುಂದೆ ಬೀದಿ ಸೇರಿ ಯಾಕೆ ಬಂದೆ ಎಂದು ಕೇಳಿದಾಗ ತಾತನ ಮುಖ ಉಳಿಸಲು ಅವಳಿಗೆ ಹೊಳೆದದ್ದು ರಕ್ತ.

ಈ ಚಿಕ್ಕವನು ಯಾರು ಎಂದು ಬಿಡಿಸಿ ಹೇಳಬೇಕೇ?

ನನ್ನ ಅಪ್ಪನಿಗೂ ಇದು ತಿಳಿಯದು. ಯಾರಿಗೂ ಹೇಳಬೇಡ, ನಿನ್ನ ಮಾಮನಿಗಂತೂ ಬೇಡ ಎಂದು ನನ್ನಿಂದ ಮಾತು ತೆಗೆದುಕೊಂಡಳು. ಆ ಮಾತು ಮುರಿಯುತ್ತಿರುವುದು ಒಂದೇ ಕಾರಣಕ್ಕೆ. ಪರೀಕ್ಷೆಯಲ್ಲಿ ಅವಳ ಬಿಪಿ ಈಗಲೇ ಹೆಚ್ಚಿದೆ, ಮಾತ್ರೆ ಶುರುವಾಗಿದೆ. ಇನ್ನೊಂದು ಸಲ ಆ ಮೇಜಿನ ಮುಂದೆ ಕೂತು ನಕ್ಕರೆ ಈ ಸಲ ಸಿಂಕಿನ ಹತ್ತಿರ ಬಿದ್ದವಳು ಏಳುತ್ತಾಳೋ ಇಲ್ಲವೋ. ಹೋಗಲೇಬೇಕೆಂದಿದ್ದರೆ ಹೋಗು. ಕಥೆ ಹೇಳಬೇಡ. ನಿನಗೆ ಗೊತ್ತು ಎಂಬುದನ್ನೂ ತೋರಿಸಬೇಡ.

ಸೂಜಿ


ಡಿಸೆಂಬರ್ 14

ಸೂಜಿಗೆ,

ಯಾರ ಮೇಲೆ ಸಿಟ್ಟು ಮಾಡಿಕೊಳ್ಳಬೇಕೆಂದು ತಿಳಿಯದೆ ಎಲ್ಲರ ಮೇಲೂ ಮಾಡಿಕೊಂಡಿದ್ದೇನೆ. ಅಪ್ಪ ಸತ್ತು ಎಷ್ಟೋ ಕಾಲವಾಯಿತು, ಅವರ ಫೋಟೋವನ್ನು ಗೋಡೆಗೆ ಮುಖ ಮಾಡಿ ತಿರುಗಿಸಿಟ್ಟೆ. ಅಕ್ಕನ ಮೇಲೂ ಸಿಟ್ಟು. ನಾನೇನು ಕುಂಟನೇ, ಕುರುಡನೇ, ನನ್ನನ್ನು ನೋಡಿಕೊಳ್ಳಲು ಒಬ್ಬರು ಬೇಕಿತ್ತೇ? ನನ್ನನ್ನು ಯಾರಾದರೂ ಕೇಳಿದ್ದರೆ ಹೋಗು ಅಂತಿದ್ದೆ. ಬಿದ್ದೋ ಎದ್ದೋ ಬೆಳೆಯುತ್ತಿದ್ದೆ. ಅವಳಾದರೂ ಒಂದು ಸಲ, ಮುಚ್ಚೋ ಬಾಯಿ ಎನ್ನಬಹುದಿತ್ತು. ಪ್ರತಿ ವರ್ಷ ನನ್ನೆದುರು ಕೂತು ನಗುವುದೇ? ನಾನು ಅವಳ ನಗು ನೋಡಿ ಹೊಸ ಹೊಸ ಮಾತು ಸೇರಿಸಿದೆ. ನಾಲಿಗೆ ತೋರಿಸು ಎಂಬ ಮಾತು ಮೂರು ವರ್ಷದ ಹಿಂದೆ ಸೇರಿಸಿದ್ದು, ಅದಕ್ಕೆ ಎಲ್ಲಕ್ಕಿಂತ ಹೆಚ್ಚು ನಕ್ಕಳು.

ನಿನ್ನ ಮೇಲೂ ಸಿಟ್ಟು. ಗೊತ್ತಿಲ್ಲದೆ ಹಾಯಾಗಿದ್ದೆ.

ಈ ವಾರ ಊಟ ರುಚಿಸಲಿಲ್ಲ. ಹೊಟ್ಟೆಯಲ್ಲಿ ಯಾರೋ ಕೆಂಡ ಕೆದಕಿದ ಹಾಗೆ. ಕತ್ತು ತಿರುಗಿಸಹೋದರೆ ಹಲಗೆಯಂತೆ ಬಿಗಿ. ಗಿರಣಿಯ ನರ್ಸಮ್ಮ ತೋಳಿಗೆ ಪಟ್ಟಿ ಕಟ್ಟಿ ಗಾಳಿ ತುಂಬಿ ನೋಡಿದಳು, ಮದುಮಗ ಎನ್ನಲಿಲ್ಲ, ಇನ್ನೊಮ್ಮೆ ನೋಡಿದಳು. ಯಂತ್ರ ಹಳೆಯದು. ಯಂತ್ರದ ವಿಷಯ ನನಗೆ ಚೆನ್ನಾಗಿ ಗೊತ್ತು.

ಅಲ್ಲಿಗೆ ಹೋಗಿ ಬಾಯಿಗೆ ಬೀಗ ಹಾಕಿಕೊಂಡಿರುತ್ತೇನೆ. ನಾನು ಮಾತು ಕೊಟ್ಟರೆ ಕೊಟ್ಟ ಹಾಗೆ. ಕಬ್ಬಿಣ.

ಮಾಮ


ಡಿಸೆಂಬರ್ 30

ಸೂಜಿಗೆ,

ಅಕ್ಕ ಬದುಕಿದ್ದಾಳೆ. ಮೊದಲು ಇದನ್ನು ಓದಿ ಉಸಿರು ಬಿಡು, ಆಮೇಲೆ ನನ್ನನ್ನು ಬೈಯಲು ಕೂತುಕೋ.

ಮೂರು ದಿನ ನಾನು ಸಾಧುವಿನಂತಿದ್ದೆ. ಅಕ್ಕನಿಗೇ ಅನುಮಾನ ಬಂದು, ಹುಷಾರಿಲ್ವೇನೋ ಎಂದು ಹಣೆ ಮುಟ್ಟಿ ನೋಡಿದಳು. ಅಡುಗೆಮನೆಗೆ ಹೋಗಿ ತರಕಾರಿ ಹೆಚ್ಚಿದೆ, ಬಟ್ಟೆ ಒಣಹಾಕಿದೆ. ಭಾವ ಅದನ್ನೂ ತಮಾಷೆ ಎಂದುಕೊಂಡು ನಕ್ಕರು. ರಜೆಯ ದೊಡ್ಡ ಊಟದ ಮಧ್ಯಾಹ್ನ ಎಲ್ಲರೂ ಮೇಜಿಗೆ ಕೂತೆವು. ಅಕ್ಕ ಬಡಿಸುತ್ತ ನಿಂತಿದ್ದಳು. ನಿನ್ನ ಅಣ್ಣ ತಟ್ಟೆ ತಟ್ಟಿ, ಮಾಮಾ, ರಕ್ತ ಎಂದ. ಇವತ್ತು ಬೇಡ ಎಂದೆ. ಅವನ ಹೆಂಡತಿಯೂ ಹೇಳಿ ಮಾಮ ಎಂದಳು. ಗಂಟಲು ನೋವು ಎಂದೆ. ಆಗ ನಿನ್ನ ಅಪ್ಪ ಗಂಟಲು ಸರಿ ಮಾಡಿಕೊಂಡು, 'ನಾನು ಹೇಳ್ತೀನಿ ಬಿಡಿ, ಎಷ್ಟು ಸಲ ಕೇಳಿದೀನಿ' ಎಂದು ತಾವೇ ಶುರು ಮಾಡಿದರು.

ಸೂಜಿ, ಅಷ್ಟು ಕೆಟ್ಟದಾಗಿ ಯಾರೂ ಕಥೆ ಹೇಳಿದ್ದಿಲ್ಲ. ವಿಮೆಯ ಷರತ್ತು ಓದಿದ ಹಾಗೆ. ಕಂಡಕ್ಟರನ್ನು ಆಸ್ಪತ್ರೆಗೆ ತಂದರು, ಟ್ರಂಕನ್ನು ಮರೆತರು. ಆದರೂ ಅವರು ನಕ್ಕರು. ನನ್ನ ಉಪ್ಪು ಖಾರವಿಲ್ಲದೆ ಆ ಕಥೆ ಹೇಗೆ ಕೇಳಿಸುತ್ತದೆಂದು ಮೊದಲ ಸಲ ನನಗೆ ಕೇಳಿಸಿತು. ಒಬ್ಬ ಹುಡುಗಿ ಹೆದರಿ ಓಡಿ ಬಂದಳು, ಎಲ್ಲರೂ ನಗಿ, ಅಷ್ಟೇ. ಅಕ್ಕ ಸೌಟು ಹಿಡಿದು ನಿಂತು ನಗಲು ಬಾಯಿ ತೆರೆಯುತ್ತಿದ್ದಳು. ಅದನ್ನು ನೋಡಿ ನನ್ನ ತಲೆಗೆ ಏರಿತು. ಮೇಜು ಗುದ್ದಿದೆ. ಲೋಟವೊಂದು ಉರುಳಿತು. 'ನಿಲ್ಸಿ ಭಾವ, ಅದೆಲ್ಲ ಸುಳ್ಳು, ಅವಳು ರಕ್ತಕ್ಕೆ ಹೆದರಿದ್ದೇ ಇಲ್ಲ' ಎಂದು ಕೂಗಿದೆ. ಕೂಗಿದವನು ನಿಲ್ಲಬೇಕಿತ್ತು, ನಿಲ್ಲಲಿಲ್ಲ. ಗೇಟು, ಅಪ್ಪ, ಟ್ರಂಕು, ಚಿಕ್ಕವನು ಎಲ್ಲವನ್ನೂ ಹೇಳಿ ಮುಗಿಸಿದೆ. ಚೆನ್ನಾಗಿಯೇ ಹೇಳಿದೆ. ಆಯಿತು, ಬೀಗ ಒಡೆದೆ, ಇನ್ನು ಅಕ್ಕ ಹಗುರಾಗುತ್ತಾಳೆ ಎಂದು ಹೆಮ್ಮೆಯಿಂದ ಅವಳ ಕಡೆ ತಿರುಗಿದೆ.

ಅವಳ ಮುಖ ಕೆಂಪಾಗಿತ್ತು. ಹಾಗೆ ನಾನು ಎಂದೂ ನೋಡಿರಲಿಲ್ಲ.

'ಇದನ್ನೂ ನೀನೇ ಹೇಳಿಬಿಟ್ಯೇನೋ?' ಎಂದಳು.

ನಾನು ನಿನಗೋಸ್ಕರ ಎಂದೇನೋ ತೊದಲಿದೆ.

'ಸುಳ್ಳನ್ನ ನೀನು ಹೇಳ್ದೆ, ನಾನು ನಕ್ಕೆ. ಆಯ್ತು, ನಿನಗೆ ಗೊತ್ತಿರಲಿಲ್ಲ. ನಿಜ ಒಂದಾದ್ರೂ ನನ್ನದು ಅಂತ ಇಟ್ಕೊಂಡಿದ್ದೆ. ಒಂದಿನ ಇದೇ ಮೇಜಿನ ಮುಂದೆ, ನಾನೇ, ನನ್ನ ಬಾಯಿಂದ ಹೇಳ್ಬೇಕು ಅಂತಿದ್ದೆ. ಯಾವಾಗ ಬಾಯಿ ತೆಗೆದ್ರೂ ನೀನು ಮೊದಲೇ ಶುರು ಮಾಡಿರ್ತಿದ್ದೆ. ಇವತ್ತು ಅದಕ್ಕೂ ಕೈ ಹಾಕ್ದೆ.'

ಭಾವ ಸಮಾಧಾನ ಎಂದು ಎದ್ದರು. ಅವಳು ಸೌಟನ್ನು ಅವರ ತಟ್ಟೆಯ ಪಕ್ಕ ಇಟ್ಟು, 'ನೀವು ಬಡಿಸ್ಕೊಳ್ಳಿ' ಎಂದು ಕುರ್ಚಿ ಎಳೆದು ಕೂತಳು. ಅದು ಮೇಜಿನ ತುದಿಯ ಯಜಮಾನನ ಕುರ್ಚಿ, ಭಾವನದು. ಅವಳು ಅಲ್ಲಿ ಕೂತದ್ದನ್ನು ನಾವು ಯಾರೂ ನೋಡಿರಲಿಲ್ಲ. ಉಸಿರು ಜೋರಾಗಿ ಎಳೆಯುತ್ತಿದ್ದಳು. ಕೈ ಎದೆಯ ಮೇಲಿತ್ತು. ಸೊಸೆ ನೀರು ಹಿಡಿದು ಓಡಿ ಬಂದಳು, ನಿನ್ನ ಅಣ್ಣ ಕಾರಿನ ಕೀಲಿ ಹುಡುಕಿದ. ನಾನು ಅವಳ ಬೆನ್ನು ಸವರಲು ಹೋದರೆ ನನ್ನ ಕೈಯನ್ನು ಹೊಡೆದು ತಳ್ಳಿದಳು. ನೋಯ್ತಿದೆಯಾ ಅಮ್ಮ ಎಂದು ಅಣ್ಣ ಕೇಳಿದ.

'ನೋಯ್ತಿದೆ. ನೋಯ್ಲಿ. ಕೂತ್ಕೋ, ನಾನು ಇನ್ನೂ ಮುಗಿಸಿಲ್ಲ' ಎಂದಳು.

ಕೂತೆವು. ಊಟ ಆರಿ ತಣ್ಣಗಾಯಿತು. ಅವಳು ಹೇಳಿದಳು. ನನಗೆ, ಭಾವನಿಗೆ, ನಿನ್ನ ಅಣ್ಣನಿಗೆ, ಅಲ್ಲಿಲ್ಲದ ನಿನಗೂ ಸ್ವಲ್ಪ ಬಿತ್ತು. ಕಿಟಕಿಯ ಬಿಸಿಲು ಮೇಜು ದಾಟಿ ಗೋಡೆಗೆ ಹೋಗುವ ತನಕ ಹೇಳಿದಳು. ಆಮೇಲೆ ಕೈ ತೊಳೆದು, ಸೊಸೆಯನ್ನು ಮಾತ್ರ ಕರೆದುಕೊಂಡು ತಾನೇ ನಡೆದು ಹೋಗಿ ಡಾಕ್ಟರಿಗೆ ತೋರಿಸಿ ಬಂದಳು. ಭಾವನನ್ನೂ ನನ್ನನ್ನೂ ಬಾಗಿಲಲ್ಲೇ ನಿಲ್ಲಿಸಿದಳು. ಬಿಪಿ ಇಳಿದಿಲ್ಲ. ಏರಿದೆ. ಮಾತ್ರೆ ಬದಲಿಸಿದ್ದಾರೆ, ವಾರಕ್ಕೊಮ್ಮೆ ಬರಲು ಹೇಳಿದ್ದಾರೆ. ಮನುಷ್ಯರು ಬಾಯ್ಲರ್ ಅಲ್ಲವಂತೆ, ಹಾಗೆಂದು ನೀನು ಕುಣಿಯಬೇಡ. ಮರುದಿನ ಬೆಳಿಗ್ಗೆ ಅವಳು ಬೀಳಲಿಲ್ಲ. ಎದ್ದದ್ದು ತಡವಾಗಿ, ಪಾತ್ರೆ ತೊಳೆದದ್ದು ಭಾವ.

ನನ್ನೊಂದಿಗೆ ಮಾತಿಲ್ಲ. ನಾನು ಹೊರಡುವಾಗ ಬಾಗಿಲಿಗೂ ಬರಲಿಲ್ಲ. ನನಗೂ ಸಿಟ್ಟಿದೆ, ಯಾರ ಮೇಲೆ ಎಂದು ಕೇಳಬೇಡ. ಗಿರಣಿಯ ನರ್ಸಮ್ಮ ನನಗೂ ಮಾತ್ರೆ ಬರೆಸಿ ಕೊಟ್ಟಿದ್ದಾಳೆ, ತೆಗೆದುಕೊಳ್ಳುತ್ತಿದ್ದೇನೆ.

ಅವಳು ಏನೇನು ಹೇಳಿದಳು ಎಂದು ನೀನು ಕೇಳುತ್ತೀಯ. ಬರೆಯಲು ಕೂತೆ. ನಾಲ್ಕು ಸಾಲು ಆಗುವಷ್ಟರಲ್ಲಿ ಅವಳು ಆಡದ ಒಂದು ಒಳ್ಳೆಯ ಮಾತು ನನ್ನ ಪೆನ್ನಿನಿಂದ ತಾನಾಗಿ ಇಳಿದುಬಿಟ್ಟಿತ್ತು. ಹರಿದು ಹಾಕಿದೆ. ಲ್ಯಾಬಿಗೆ ರಜೆ ಹಾಕು. ಹೋಗು, ಅವಳ ಎದುರು ಕೂತು ಅವಳನ್ನೇ ಕೇಳು. ನಡುವೆ ಬಾಯಿ ಹಾಕಬೇಡ.

ನನಗಿಂತ ಚೆನ್ನಾಗಿ ಹೇಳುತ್ತಾಳೆ, ದರಿದ್ರದವಳು.

ಮಾಮ